ಅವಳಿಗಳ ರಕ್ತ

ಅವಳಿಗಳಲ್ಲಿ ತಮ್ಮನಿಗೆ ಸೂಜಿ ಎದುರಿಸುವ ಧೈರ್ಯವಿರಲಿಲ್ಲ. ಲ್ಯಾಬಿನ ಬೆಂಚಿನ ಮೇಲೆ ಮೊಣಕೈಗೆ ಹತ್ತಿ ಒತ್ತಿಕೊಂಡು ಕೂತಿದ್ದ ದರ್ಜಿಯಾಕೆಗೆ ಅದು ಬೇಗನೆ ತಿಳಿಯಿತು. ಅವಳ ಪಕ್ಕದಲ್ಲಿ ಕೂತಿದ್ದ ಆ ಅವಳಿಗಳು ಬೇಕರಿ ನಡೆಸುವವರು. ರಿಪೋರ್ಟು ಅಣ್ಣನ ಕೈಯಲ್ಲಿತ್ತು.

"ಸಕ್ಕರೆ ಕಾಯಿಲೆ ಈಗಿಲ್ವಂತೆ. ಮುಂದೆ ಬರೋ ಲಕ್ಷಣ ರಕ್ತದಲ್ಲೇ ಕಾಣ್ತಿದೆಯಂತೆ. ಇವತ್ತಿಂದ ನಮಗೆ ಸಿಹಿ ಬಂದ್."

"ನಮಗೆ ಅಂದ್ರೆ? ರಿಪೋರ್ಟು ನಿಂದಲ್ವೇನಣ್ಣ?"

"ಹೋದ ವರ್ಷ ನನ್ನ ಕೊಬ್ಬಿನ ರಿಪೋರ್ಟು ಚೆನ್ನಾಗಿ ಬಂತಲ್ಲ, ಆಗ ಅದು ಯಾರದ್ದಾಗಿತ್ತು? ಅವಳಿಗಳದ್ದು ಒಂದೇ ರಕ್ತ ಅಂತ ನಿನ್ನ ಹೆಂಡ್ತಿಗೆ ಅದನ್ನೇ ತೋರಿಸಿ, ದಿನಾ ಬೆಣ್ಣೆ ಬಿಸ್ಕತ್ತು ಮುಕ್ಕಿದೋನು ಯಾರು?"

"ಅದು ಕೊಬ್ಬು, ಇದು ಸಕ್ಕರೆ. ಡಿಪಾರ್ಟ್‌ಮೆಂಟೇ ಬೇರೆ."

"ನಿಮ್ಮತ್ತಿಗೆ ಆಗಲೇ ನಿನ್ನ ಹೆಂಡ್ತಿಗೆ ಫೋನ್ ಮಾಡಿದ್ಲು. ನಿನಗಿನ್ನು ಟೀಗೂ ಸಕ್ಕರೆ ಇಲ್ವಂತೆ."

"ಟೀಗೂ?"

"ಕ್ರೀಮಿನ ಬಟ್ಟಲು ನೆಕ್ಕೋದೂ ಬಂದ್."

ತಮ್ಮನ ಮುಖ ಸಪ್ಪಗಾಯಿತು. ದರ್ಜಿಯಾಕೆಗೆ ರಕ್ತ ನಿಂತು ಬಹಳ ಹೊತ್ತಾಗಿತ್ತು, ಆದರೂ ಅವಳು ಹತ್ತಿ ತೆಗೆಯಲಿಲ್ಲ.

"ಅದೆಲ್ಲ ಆಗಲ್ಲ! ಮುಂಚೆ ಹುಟ್ಟಿದೋನು ನೀನು, ಅಮ್ಮನ ಹತ್ರ ಇದ್ದ ಕೆಟ್ಟದ್ದನ್ನೆಲ್ಲ ನೀನೇ ಬಾಚ್ಕೊಂಡು ಬಂದಿರ್ತೀಯ. ನನ್ನ ರಕ್ತವೇ ಬೇರೆ."

"ಹಾಗಾದ್ರೆ ಕೊಟ್ಟು ತೋರ್ಸು. ಒಳಗೆ ಕುರ್ಚಿ ಖಾಲಿ ಇದೆ."

"ತಿಂಡಿ ತಿಂದ್ಬಿಟ್ಟಿದೀನಲ್ಲ."

"ಈ ಪರೀಕ್ಷೆಗೆ ತಿಂದಿದ್ರೂ ನಡೆಯುತ್ತೆ."

ಲ್ಯಾಬಿನ ಹುಡುಗಿ ಬಾಗಿಲಲ್ಲಿ ಇಣುಕಿದಳು. "ಮುಂದಿನವರು ಯಾರು?"

ತಮ್ಮ ಎದ್ದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅಣ್ಣನ ಭುಜ ಹಿಡಿದು ಒಳಗೆ ಹೋದ. ಬಾಗಿಲು ಮುಚ್ಚಿತು. ಮರುಕ್ಷಣವೇ ಒಂದು ಕೂಗು ಕೇಳಿಸಿತು.

"ಇನ್ನೂ ಚುಚ್ಚಿಲ್ಲ ಸಾರ್," ಎಂದಳು ಹುಡುಗಿ.

ಕೊನೆಗೆ ತಮ್ಮನ ತೋಳಿನಿಂದ ಹೋದದ್ದು ಎರಡು ಟ್ಯೂಬು ರಕ್ತ: ಸಕ್ಕರೆಗೊಂದು, ಕೊಬ್ಬಿಗೊಂದು.