ಅರ್ಧ ಇಂಚು ಹೆಚ್ಚು ಉದ್ದದ ಗಾಲ್ಫ್ ಕೋಲುಗಳು

ಬಸ್ಸಿನ ಸಾಲಿನಲ್ಲಿ ನನ್ನ ಮುಂದಿದ್ದವರು ಭಾವ ಮತ್ತು ಭಾವಮೈದುನರೆಂದು ಅವರ ಮಾತಿನಿಂದಲೇ ತಿಳಿಯಿತು. ಭಾವನ ಹೆಗಲಲ್ಲಿ ಹೊಸ ಗಾಲ್ಫ್ ಕೋಲುಗಳ ಚೀಲವಿತ್ತು. ಮೈದುನನು ಅಂಥ ಕೋಲುಗಳನ್ನು ಆಡುವವರ ಮೈಯಳತೆಗೆ ಹೊಂದಿಸಿಕೊಡುವ ಸಣ್ಣ ಅಂಗಡಿಯವನು. ಅವರಾಡಿದ್ದನ್ನು ಆಡಿದಂತೆಯೇ ಬರೆದಿದ್ದೇನೆ.

“ದೊಡ್ಡ ಅಂಗಡೀಲಿ ಮಾಡಿಸಿದ್ರಾ ಭಾವ?”

“ಸ್ನೇಹಿತರು ಎಳ್ಕೊಂಡು ಹೋದ್ರಪ್ಪ. ಅಲ್ಲಿ ಕಂಪ್ಯೂಟರೇ ಅಳತೆ ತೆಗೆಯುತ್ತೆ.”

“ಆಟ ಹೇಗಿದೆ?”

“ಅದೇ ಗೋಳು. ಚೆಂಡಿಗಿಂತ ಮೊದಲು ನೆಲಕ್ಕೇ ಬಡಿಯುತ್ತೆ.”

“ಕೋಲು ಅರ್ಧ ಇಂಚು ಉದ್ದ ಆಗಿದೆ.”

“ಮುಟ್ಟದೇನೇ ಹೇಳ್ತೀಯಲ್ಲ, ಭವಿಷ್ಯ ಹೇಳೋ ಅಂಗಡೀನೂ ಇಟ್ಟಿದ್ದೀಯಾ?”

“ಆವತ್ತು ನನ್ನ ಅಂಗಡಿಗೆ ಬಂದಾಗ ನಿಮ್ಮನ್ನ ಆಫೀಸಿನ ದಪ್ಪ ಹಿಮ್ಮಡಿ ಬೂಟಲ್ಲೇ ನಿಲ್ಲಿಸಿ ಅಳತೆ ತೆಗೆದೆ. ನೀವು ಹೋದ್ಮೇಲೆ ತಪ್ಪು ಹೊಳೀತು. ಕೋಲು ಮಾಡುವಾಗ ಸರಿಮಾಡೋಣ ಅಂತ ನಿಮ್ಮ ದಾರಿ ಕಾಯ್ತಿದ್ದೆ.”

ಭಾವ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು.

“ಕಂಪ್ಯೂಟರ್ ನಿಮ್ಮನ್ನ ನೋಡೇ ಇಲ್ಲ, ಅಲ್ವಾ? ನನ್ನ ಅಳತೇನೇ ಅಲ್ಲಿ ಕೊಟ್ರಿ.”

“ಅಲ್ಲಿ ಅಳತೆಗೆ ತಿಂಗಳುಗಟ್ಟಲೆ ಕಾಯ್ಬೇಕು ಕಣೋ.”

“ಕ್ಲಬ್ಬಿನವರನ್ನೆಲ್ಲ ನಿನ್ನ ಹತ್ರಾನೇ ಕರ್ಕೊಂಡು ಬರ್ತೀನಿ ಅಂದಿದ್ರಿ. ಆ ಮಾತು ನಂಬಿ ಕೆಲಸ ಬಿಟ್ಟು ಅಂಗಡಿ ತೆಗೆದೆ ಭಾವ.”

“ಬರ್ತಾರೆ ಬಿಡೋ, ಎಲ್ಲಿ ಹೋಗ್ತಾರೆ. ಈಗ ಇದನ್ನ ಅರ್ಧ ಇಂಚು ಕತ್ತರಿಸಿ ಕೊಡ್ತೀಯಾ?”

“ಕೊಡ್ತೀನಿ ಸರ್. ಅಂಗಡಿಗೆ ತನ್ನಿ.”

ಬಸ್ಸು ಬಂತು. ಭಾವ ತಮ್ಮ ಪಕ್ಕದ ಸೀಟನ್ನು ಹಿಡಿದಿಟ್ಟು ಕೈಬೀಸಿ ಕರೆದರು. ಮೈದುನನು ಬಾಗಿಲ ಬಳಿಯ ಕಂಬಿ ಹಿಡಿದು ನಿಂತೇ ಹೋದನು.