ದಾರದಾಗ ಅಳದ ಕಾಲು

...ಹಂಗಲ್ಲ, ನಿಮ್ಮಪ್ಪ ಮಾಡಿದ್ದು ತಪ್ಪಽ. ನಿನ್ನೆ ನಿಮ್ಮಣ್ಣ ಮಂಜ ಗಡಿಯಿಂದ ಫೋನ್ ಹಚ್ಚಿ 'ಅಜ್ಜಾಗ ಕೊಡ್ರಿ' ಅಂದ್ರ, 'ಅಜ್ಜ ಮಲ್ಕೊಂಡಾನ' ಅಂದ. ಮಾಜಿ ಸೈನಿಕರು ಬಂದು ಸೆಲ್ಯೂಟ್ ಹೊಡದು, ಅಜ್ಜನ್ನ ಮಣ್ಣಿಗಿಟ್ಟು ಐದು ದಿನ ಆತು, ಮಲ್ಕೊಂಡಾನಂತ. ಕೇಳಿದ್ರ, 'ಯವ್ವಾ, ಅವ ಕೈಯಾಗ ಬಂದೂಕ ಹಿಡ್ಕೊಂಡು ನಿಂತಾನ, ತಲಿ ಕೆಡಸೂದು ಬ್ಯಾಡ, ರಜಾಕ್ಕ ಬಂದಾಗ ಹೇಳೂಣು' ಅಂತಾನ. ಇದಽ ಮಾತು ನೋಡ್ರಿ, ನಮ್ಮ ಮಾವಾರೂ ನನಗ ಇದಽ ಮಾತು ಹೇಳಿದ್ರು. ಕುಂಡ್ರಿ ಇಲ್ಲಿ. ಇದನ್ನ ನಿಮ್ಮಪ್ಪಗೂ ಪೂರ್ತಿ ಹೇಳಿಲ್ಲ ನಾನು.

ನಿಮ್ಮಜ್ಜಾರು ಮಿಲಿಟರ್ಯಾಗ ಇದ್ದಾಗ ನಮಗ ಮೊದಲು ಹುಟ್ಟಿದ್ದು ಹೆಣ್ಣು, ಶಾಂತಾ ಅಂತ. ಅಂಬೆಗಾಲು ಇಡೂವಾಗ ನೋಡಿ ಹೋದವರು ಮತ್ತ ನೋಡಿಲ್ಲ. ಎರಡು ತುಂಬಿತ್ತು, ಅಲ್ಲ, ತುಂಬಿ ಮ್ಯಾಲೊಂದು ದೀಪಾವಳಿ ಆಗಿತ್ತು, ವಾಂತಿ-ಭೇದಿ ಹತ್ತಿತು. ಬಸ್ಸಿಲ್ಲ ಏನಿಲ್ಲ, ಚಕ್ಕಡಿ ಹೂಡಿ ಕುಷ್ಟಗಿ ದವಾಖಾನಿಗೆ ಹೊಂಟ್ವಿ. ಅರ್ಧ ದಾರ್ಯಾಗ ನನ್ನ ಉಡ್ಯಾಗಽ ತಣ್ಣಗಾತು. ಮುಂದ ಕುಂತ ಮಾವಾರಿಗೆ ನಾ ಹೇಳಲಿಲ್ಲ. ಹೇಳಿದ್ರ ಚಕ್ಕಡಿ ತಿರುಗಿಸಿಬಿಡ್ತಾರಲ್ಲ, ಅದಕ್ಕ.

ಆಗ ನಿಮ್ಮಜ್ಜಾರು ಇದ್ದ ಗಡ್ಯಾಗ ಲಡಾಯಿ ನಡದಿತ್ತು. ಮಾವಾರು, 'ಅವಗ ಈಗ ಬರಿಯೂದು ಬ್ಯಾಡವಾ' ಅಂದ್ರು. ನನಗ ಓದು ಬರಹ ಇಲ್ಲ, ಅವರಽ ಓದೂರು, ಅವರಽ ಬರಿಯೂರು. 'ಎಲ್ಲಾರೂ ಕ್ಷೇಮ' ಅಂತ ಬರದ್ರು. ಒಂದು ಪತ್ರಕ್ಕಷ್ಟ ಅಂದ್ಕೊಂಡಿದ್ದು ಆರು ತಿಂಗಳಾತು. ಆಮ್ಯಾಲ ನಿಮ್ಮಜ್ಜಾರ ಪತ್ರ ಬಂತು: ಲಡಾಯಿ ಮುಗದೈತಿ, ರಜಾ ಸಿಕ್ಕೈತಿ, ಶಾಂತಾನ ಕಾಲು ದಾರದಾಗ ಅಳದು ಲಕೋಟ್ಯಾಗ ಹಾಕಿ ಕಳಸ್ರಿ, ಬೂಟು ತರ್ತೀನಿ. ನಾ ಅಂದೆ, 'ಮಾವಾರ, ಈಗರ ಬರೀರಿ.' ಅವರು, 'ಎರಡು ದಿನದ ರೈಲು, ಒಬ್ಬನಽ ಈ ಸುದ್ದಿ ಹೊತ್ಕೊಂಡು ಹೆಂಗ ಬರ್ತಾನವಾ? ಬಾಜು ಮನಿ ಹುಸೇನಬಿ ಮಗಳು ನಮ್ಮ ಶಾಂತಾನ ವಾರಿಗಿ, ಒಂದಽ ವಯಸ್ಸು ಅಲ್ಲೇನು? ಅದರ ಕಾಲು ಅಳದು ತಗೊಂಬಾ' ಅಂದ್ರು. ಒಲ್ಲೆ ಅನ್ನಬೇಕಿತ್ತು. ಹೋದೆ. ಹುಸೇನಬಿಗೆ ಹೇಳಿದೆ, ಆಕಿ ಸೆರಗು ಬಾಯಾಗ ಇಟ್ಕೊಂಡ್ಲು. ಆ ಕೂಸಿನ ಕಾಲು ಬೆಚ್ಚಗಿತ್ತು. ಹಿಮ್ಮಡದಿಂದ ಹೆಬ್ಬಟ್ಟಿನ ತನಕ ದಾರ ಹಿಡದು, ಹರದು, ನನ್ನ ಕೈಯಾರ ಲಕೋಟ್ಯಾಗ ಹಾಕಿದೆ.

ಬಂದ್ರು. ಕೆಂಪು ಬೂಟು ಕೈಯಾಗಽ ಇದ್ವು. ಹೊಸ್ತಿಲದಾಗ ನಿಂತು 'ಶಾಂತಾ' ಅಂತ ಕರದ್ರು. ಯಾರೋ ಬಂದಾರಂತ ಹುಸೇನಬಿ ಮಗಳು ನೋಡಾಕ ಓಡಿ ಬಂತು, ಇವರು ಎತ್ಕೊಂಡುಬಿಟ್ರು. ತೊಡಿ ಮ್ಯಾಲ ಕುಂಡ್ರಿಸ್ಕೊಂಡು ಬೂಟು ಹಾಕಿದ್ರು, ಬರಾಬರ್ ಕುಂತ್ವು. 'ಎಷ್ಟು ದೊಡ್ಡಾಕಿ ಆಗೀಯವಾ' ಅಂತಾರ. ಮಾವಾರು ಎದ್ದು ಒಳಗ ಹೋಗಿಬಿಟ್ರು. ನಾನಽ ಹೇಳಬೇಕಾತು. 'ಅದು ನಮ್ಮದಲ್ಲರಿ' ಅಂದೆ.

ಕೂಸಿನ್ನ ಸಾವಕಾಶ ಇಳಿಸಿದ್ರು, ಬೂಟು ಬಿಚ್ಚಲಿಲ್ಲ. ಬೈಯಲಿಲ್ಲ. ಬೈದಿದ್ರ ನನಗ ಹಗುರ ಆಗ್ತಿತ್ತು. ಮರುದಿನ ಇಷ್ಟಽ ಅಂದ್ರು: 'ಆರು ತಿಂಗಳು ಕಂದಕದಾಗ ಕುಂತು ನಾ ಅದರ ಜೋಡಿ ಮಾತಾಡೇನಿ. ನೀವೆಲ್ಲಾ ಅತ್ತು ಮುಗಿಸೀರಿ. ನಾ ಒಬ್ಬನಽ ಈಗ ಶುರು ಮಾಡಬೇಕು.' ಮುಂದ ನಿಮ್ಮಪ್ಪ ಹುಟ್ಟಿದ, ಇವರು ನೌಕರಿ ಮುಗಿಸಿ ಬಂದು ಗಿಣಿಗೇರಾ ಫ್ಯಾಕ್ಟರಿ ಗೇಟಿನಾಗ ವಾಚ್‌ಮನ್ ಆಗಿ ನಿಂತ್ರು, ಎಲ್ಲಾ ಆತು. ಆದ್ರ ನಾ 'ಎಲ್ಲಾ ಛಲೋ ಐತ್ರಿ' ಅಂದಾಗೆಲ್ಲ ನನ್ನ ಮಾರಿ ನೋಡಿ 'ಖರೇ ಹೇಳು' ಅನ್ನೋರು. ಸಾಯೂ ತನಕ ಅಂದ್ರು. ನನ್ನ ಮಾತಿನ ಮ್ಯಾಲಿನ ನಂಬಿಕಿ ತಿರುಗಿ ಬರಲೇ ಇಲ್ಲ.

ಸಂಜಿಕ ಮಂಜ ಮತ್ತ ಹಚ್ಚತಾನ. ಫೋನು ನನ್ನ ಕೈಯಾಗ ಕೊಡ್ರಿ, ನಾನಽ ಹೇಳ್ತೀನಿ. ಅಳಲಿ, ಅಲ್ಲೇ ಅಳಲಿ, ಜೋಡಿ ಹುಡುಗರು ಇರ್ತಾರ. ಹೊಲದಾಗ ಅವಗ ಪಾಲು ಐತಿ, ಮನ್ಯಾಗ ಪಾಲು ಐತಿ ಅಂತೀರಿ. ಅಜ್ಜನ ಸಾವಿನಾಗ ಅವನ ಪಾಲು ಮುಚ್ಚಿಡಾಕ ನೀವ್ಯಾರು?