ಜಮಖಾನೆಯ ಮಡಿಕೆಯಲ್ಲಿದ್ದ ಮರಳು

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಮಸ್ಕಿಯ ಶಿವಶರಣಪ್ಪನವರೇ, ನಮ್ಮ ಹಾಸ್ಟೆಲಿನ ಮೇಲ್ವಿಚಾರಕರಾದ ಅಮರಗುಂಡಪ್ಪ ಮಾಸ್ತರರೇ, ಲಿಂಗಸುಗೂರಿನ ಹಿರಿಯರೇ, ನಾಳೆ ಮಾಸ್ತರರಾಗಲಿರುವ ನನ್ನ ಸಹಪಾಠಿಗಳೇ, ಜಾಗ ಸಾಲದೆ ಕಿಟಕಿಯಾಚೆ ನಿಂತಿರುವ ಸಭಿಕರೇ,

ನನ್ನ ಕೈಯ ಕಾಗದ ಅಲುಗಾಡುತ್ತಿರುವುದು ಗಾಳಿಗೆ ಎಂದು ತಾವು ತಿಳಿದರೆ ದೊಡ್ಡ ಉಪಕಾರವಾದೀತು.

ಶಿಕ್ಷಕರ ತರಬೇತಿಯ ಮೊದಲ ವರ್ಷದವನಾದ ನನಗೆ ಮಾಸ್ತರರು ಕೊಟ್ಟ ವಿಷಯ ‘ಸಿನಿಮಾದಿಂದಾಗುವ ಹಾನಿ’. ಕೊಡುವಾಗ ಅವರು ಹೇಳಿದರು: “ನೀ ಸಿಕಂದರಾಬಾದಿನ ಇಂಗ್ಲಿಷ್ ಬೋರ್ಡಿಂಗಿನ್ಯಾಗ ಬೆಳದಾವ. ನಡುನಡುವ ಎರಡು ಇಂಗ್ಲಿಷ್ ಮಾತು ಒಗೀ. ಅಧ್ಯಕ್ಷರು ಖುಷ್ ಆಗ್ತಾರ.” ಕ್ಷಮಿಸಬೇಕು. ನನ್ನ ಇಂಗ್ಲಿಷೂ ಅರ್ಧ, ಕನ್ನಡವೂ ಅರ್ಧ. ಹೆದರಿಕೆಯೊಂದೇ ಪೂರ್ತಿ.

ಮೊದಲನೆಯ ಪಾಯಿಂಟ್, ಕಾಲಹರಣ. ಊರ ಹೊರಗಿನ ಡೇರೆ ಟಾಕೀಸಿನಲ್ಲಿ ಈಗ ಓಡುತ್ತಿರುವ ತೆಲುಗು ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಏನಿದೆ? ಒಬ್ಬ ಯುವಕ, ಒಬ್ಬ ಯುವತಿ, ಒಂದು ಮೊಂಡು ಎತ್ತು, ಕನ್ನಡಕ ಹುಡುಕುವ ಒಬ್ಬ ಸೋದರಮಾವ. ಕನ್ನಡಕ ಮಾವನ ಹಣೆಯ ಮೇಲೆಯೇ ಇರುತ್ತದೆ. ಅವನು ಮನೆಯೆಲ್ಲ ಹುಡುಕುವಾಗ ಡೇರೆಗೆ ಡೇರೆಯೇ “ಹಣಿ ಮ್ಯಾಲ ಐತಲೇ ಮುದ್ಯಾ!” ಎಂದು ಕೂಗುತ್ತದೆ. ಇದು ದೊಡ್ಡ ಚಿತ್ರವೇ? ಅಲ್ಲ. ಇದರಿಂದ ನೀತಿ ಸಿಗುತ್ತದೆಯೇ? ಇಲ್ಲ. ಹಾಗಾದರೆ ಅದನ್ನು ಮೂರು ಸಲ ಯಾಕೆ ನೋಡಬೇಕು?

ಮೂರು ಸಲ ಎಂದೆನೇ? ಜನ ಹಾಗೆ ನೋಡುತ್ತಾರೆಂದು ಕೇಳಿದ್ದೇನೆ.

ಎರಡನೆಯ ಪಾಯಿಂಟ್, ಚಾರಿತ್ರ್ಯ. ಇದಕ್ಕೆ ಉದಾಹರಣೆ ನಮ್ಮಲ್ಲೇ ಇದೆಯೆಂದು ಮಾಸ್ತರರು ಬರೆಸಿದ್ದಾರೆ. ಮುಕ್ಕುಂದದ ಕನಕರಾಯ ಈ ತಿಂಗಳ ಮಾನಿಟರ್. ಪ್ರಾರ್ಥನೆಯ ಜಮಖಾನೆ ಅವನ ಸುಪರ್ದಿನಲ್ಲಿತ್ತು. ಮೊನ್ನೆ ಬೆಳಿಗ್ಗೆ ಅದನ್ನು ಬಿಚ್ಚಿ ಹಾಸಿದಾಗ ಮಡಿಕೆಯಿಂದ ಮರಳು ಸುರಿಯಿತು, ಮರಳಿನ ಜೊತೆಗೆ ಡೇರೆಯ ಅರ್ಧ ಟಿಕೆಟು. “ನಾ ಹೋಗಿಲ್ರೀ ಸರ್” ಎಂದ ಕನಕರಾಯ. “ಹಂಗಾರ ಜಮಖಾನಿಗೆ ಕಾಲು ಬಂದು, ತಾನ ಎದ್ದು ಹೋಗಿತ್ತೇನಲೇ?” ಎಂದರು ಮಾಸ್ತರರು. ಎಲ್ಲರೂ ನಕ್ಕರು. ಟಾಕೀಸಿಗೆ ಹೋದವನ ಹೆಸರು ಹೊಡೆದುಹಾಕುವುದು ಇಲ್ಲಿಯ ಕಾಯಿದೆ. ಈ ಸಭೆ ಮುಗಿದ ಮೇಲೆ ಅಧ್ಯಕ್ಷರು ಸಹಿ ಮಾಡುತ್ತಾರೆ. ಸಂಜೆಯ ಸಿಂಧನೂರು ಬಸ್ಸಿಗೆಂದು ಅವನ ತಗಡಿನ ಪೆಟ್ಟಿಗೆ ಆಗಲೇ ಪಡಸಾಲೆಗೆ ಬಂದಿದೆ. ಅವನ ತಾಯಿ ಮುದುಕಮ್ಮ “ನನ್ನ ಮಗ ಮಾಸ್ತರ್ ಆಗ್ಯಾನ” ಎಂದು ಊರಿಗೆಲ್ಲ ಈಗಲೇ ಹೇಳಿಬಿಟ್ಟಿದ್ದಾಳೆ.

ಆದರೆ ಸಭಿಕರೇ, ಒಂದು ಸಂಶಯ. ಡೇರೆಗೆ ಹೋಗುವವರು ಮರಳಿನ ಮೇಲೆ ಹಾಸಿಕೊಳ್ಳಲು ಗೋಣಿಚೀಲವನ್ನೋ ಕೌದಿಯನ್ನೋ ಒಯ್ಯುತ್ತಾರೆ. ಕನಕರಾಯನ ಹತ್ತಿರ ಅವ್ವ ಹೊಲಿದುಕೊಟ್ಟ ಕೌದಿಯಿದೆ. ಅವನೇಕೆ ಜಮಖಾನೆ ಒಯ್ದಾನು? ಅದನ್ನು ಒಯ್ಯುವವನು ಎಂಥವನಿರಬೇಕು? ಆರನೆಯ ವಯಸ್ಸಿನಿಂದ ಬೋರ್ಡಿಂಗಿನ ತಟ್ಟೆಯಲ್ಲಿ ಉಂಡು, ಬೋರ್ಡಿಂಗಿನ ಚಾಪೆಯ ಮೇಲೆ ಮಲಗಿ, ತನ್ನದು ಯಾವುದು ಹಾಸ್ಟೆಲಿನದು ಯಾವುದು ಎಂಬ ಭೇದವೇ ತಿಳಿಯದವನಿರಬೇಕು.

ಮೂರನೆಯ ಪಾಯಿಂಟ್ ಓದಲು ನನಗೆ ಆಗುತ್ತಿಲ್ಲ.

ನನಗೆ ಎಲ್ಲದಕ್ಕೂ ಅಂಜಿಕೆ. ಗಂಟೆ ಬಾರಿಸಿದರೆ ಅಂಜಿಕೆ, ಬಾರಿಸದಿದ್ದರೆ ತಡವಾಯಿತೇನೋ ಎಂಬ ಅಂಜಿಕೆ. ಒಳ್ಳೆಯ ಪುಸ್ತಕ ಓದಿದರೆ ನಾಳೆ ಯಾರೋ ಪ್ರಶ್ನೆ ಕೇಳುತ್ತಾರೆಂಬ ಅಂಜಿಕೆ. ಆ ಸಾಧಾರಣ ಚಿತ್ರ ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ನಾಯಕನ ಬಂಡಿ ಹೊಳೆಯಲ್ಲಿ ಸಿಕ್ಕಿಕೊಂಡಾಗ ನಾನು ಮುಷ್ಟಿ ಬಿಗಿದು ಕೂತಿದ್ದೆ. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದ ಯಮನಮ್ಮ ನನ್ನ ಕೈ ನೋಡಿ ನಕ್ಕಳು. “ಯಾಕ ಅಂಜ್ತೀಯೋ ತಮ್ಮಾ? ಅಂವ ದಾಟತಾನ. ನಿನ್ನೇನೂ ದಾಟ್ಯಾನ, ನಾಳೇನೂ ದಾಟತಾನ. ಶೇಂಗಾ ತಿನ್ನು.” ಅವನು ದಾಟಿದ. ಮರುದಿನವೂ ದಾಟಿದ. ಎಲ್ಲವೂ ಸರಿಹೋಗುತ್ತದೆ ಎಂದು ಮೊದಲೇ ಗೊತ್ತಿರುವ ಇನ್ನೊಂದು ಜಾಗ ಈ ತಾಲೂಕಿನಲ್ಲಿ ಎಲ್ಲಿದೆ, ತಾವೇ ಹೇಳಿ.

ಹೌದು, ಮಾಸ್ತರರೇ. ಜಮಖಾನೆ ಒಯ್ದವನು ನಾನು. ಟಿಕೆಟು ನನ್ನದು. ಮೊನ್ನೆ ತಾವು ಕನಕರಾಯನನ್ನು ಕೇಳುವಾಗ ನಾನು ಎರಡನೆಯ ಸಾಲಿನಲ್ಲಿ ನಿಂತಿದ್ದೆ. ಹೇಳಲೆಂದು ಬಾಯಿ ತೆರೆದೆ, ಬಂದದ್ದು ಕೆಮ್ಮು. ಆಗ ಓಡಿಹೋಗಿ ನೀರು ತಂದುಕೊಟ್ಟವನು ಕನಕರಾಯನೇ. “ಸಾವಕಾಶ ಕುಡೀಲೇ, ನೆತ್ತಿಗೇರೀತು” ಎಂದ. ಆ ನೀರು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಅಧ್ಯಕ್ಷರೇ, ಸಹಿ ಮಾಡುವ ಮೊದಲು ಕಾಗದದಲ್ಲಿ ಹೆಸರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ. ಹೊಳೆ ದಾಟುತ್ತೇನೋ ಇಲ್ಲವೋ ಗೊತ್ತಿಲ್ಲ. ಇವತ್ತಿನ ಈ ಚಿತ್ರವನ್ನು ನಾನು ಮೊದಲು ನೋಡಿಲ್ಲ.

ಕನಕರಾಯ, ನಿನ್ನ ಪೆಟ್ಟಿಗೆ ಒಳಗಿಡು. ಅದರ ಹಿಂದೆ ಇರುವ ಗಂಟು ನನ್ನದು, ಬೆಳಿಗ್ಗೆಯೇ ಕಟ್ಟಿಟ್ಟಿದ್ದೇನೆ. ಅದರಲ್ಲಿ ಹಾಸ್ಟೆಲಿನದು ಏನೂ ಇಲ್ಲ, ಎರಡು ಸಲ ಬಿಚ್ಚಿ ನೋಡಿದ್ದೇನೆ.

ಇಷ್ಟು ಹೊತ್ತು ನನ್ನ ಕಾಗದವನ್ನು ನೋಡದೆ ನನ್ನ ಮುಖವನ್ನು ನೋಡಿದ್ದಕ್ಕೆ ತಮಗೆಲ್ಲ ಋಣಿ. ನಮಸ್ಕಾರ.